ಮನೆತನದ ಬಿಂಬವೂ ಪರಿಗ್ರಹದ ಪರಿಮಿತಿಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯ ದಿನವು ಉತ್ತಮ ಆಕಿಂಚನ್ಯ ಧರ್ಮದ ಆರಾಧನೆಗೆ ಮೀಸಲಾದುದು. ತನ್ನದೆಂದು ಹೇಳಿಕೊಳ್ಳಬಹುದಾದುದು ಆತ್ಮನ ಹೊರತು ಬೇರೇನೂ ಇಲ್ಲವೆಂಬ ಭಾವನೆಯೇ ಆಕಿಂಚನ್ಯ. ಅದರ ಮರುದಿನವೇ ಅನಂತ ಚತುರ್ದಶಿ. ಅಂದು ಅನಂತನ ನೋಂಪಿಯನ್ನು ನೋನುವ ಮನೆಗಳಲ್ಲಿ ಹಿರಿಯರ ಕಾಲದ ಕಂಚಿನ ಬಿಂಬಕ್ಕೆ ಅಭಿಷೇಕ, ಅಷ್ಟವಿಧಾರ್ಚನೆಗಳು ನಡೆದು, ಹದಿನಾಲ್ಕು ಗಂಟುಗಳ ಅನಂತದಾರವನ್ನು ಕಟ್ಟಿಕೊಳ್ಳುತ್ತಾರೆ. ಪೂಜೆ ಮುಗಿದ ಬಳಿಕ ಮನೆಯ ಯಜಮಾನನು ಮಕ್ಕಳನ್ನು ಹತ್ತಿರ ಕರೆದು, "ಇದು ನಮ್ಮ ಮನೆತನದ ಬಿಂಬ, ನಮ್ಮ ಹಿರಿಯರು ಘಟ್ಟ ದಾಟಿ ಬರುವಾಗ ತಂದುದು" ಎಂದು ತೋರಿಸುವುದುಂಟು. ನಿನ್ನೆ 'ನನ್ನದೇನೂ ಇಲ್ಲ' ಎಂದವನ ಬಾಯಿಂದಲೇ ಇಂದು 'ಇದು ನಮ್ಮದು' ಎಂಬ ಮಾತು ಹೊರಡುತ್ತದೆ. ಈ ಎರಡು ಮಾತುಗಳಿಗೆ ಹೊಂದಿಕೆಯುಂಟೇ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಪ್ರಶ್ನೆಯು ಮೇಲುನೋಟಕ್ಕೆ ಕುತರ್ಕದಂತೆ ತೋರಬಹುದು. ಆದರೆ ಗುರುಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ಅಣುವ್ರತವನ್ನು ಸ್ವೀಕರಿಸಿ, ಮನೆಗೆ ಬಂದು ಪಟ್ಟಿ ಬರೆಯಲು ಕುಳಿತ ಶ್ರಾವಕನಿಗೆ ಅದು ಎದುರಾಗದೆ ಇರದು. ಶಾಸ್ತ್ರಕಾರರು ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸಿದ್ದಾರೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಗದ್ದೆ ಎಷ್ಟು ಮುಡಿ, ಬಂಗಾರ ಎಷ್ಟು ತೊಲ, ಪಾತ್ರೆ ಪರಡಿ ಎಷ್ಟು ಎಂದು ಬರೆಯುತ್ತ ಹೋದವನ ಲೇಖನಿಯು ದೇವರ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿರುವ ಗೇಣುದ್ದದ ಕಂಚಿನ ಬಿಂಬವನ್ನು ಯಾವ ಸಾಲಿನಲ್ಲಿ ಬರೆಯಬೇಕು? ದೇವರನ್ನು ಆಸ್ತಿಯ ಲೆಕ್ಕಕ್ಕೆ ಹಿಡಿಯುವುದುಂಟೇ ಎಂದು ಮನೆಯವರು ಗದರಿಸುತ್ತಾರೆ, ಅವನು ಬಿಟ್ಟುಬಿಡುತ್ತಾನೆ. ಬಿಡುವುದು ಸರಿಯೇ. ಆದರೆ ಅದು ಸರಿಯಾಗಲು ಬೇಕಾದ ಕಾರಣವನ್ನು ಯಾರೂ ಕೇಳುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವಿನ ಹೆಸರನ್ನೇ ಎತ್ತಲಿಲ್ಲ. ಮೂರ್ಛೆಯನ್ನು, ಎಂದರೆ ಮಮತೆಯಿಂದ ಮನಸ್ಸು ಮಂಕಾಗುವುದನ್ನು ಪರಿಗ್ರಹವೆಂದರು. ಈ ಅಳತೆಗೋಲಿನಿಂದ ಅಳೆದರೆ ಮಣ್ಣಿನ ಮಡಕೆಯೂ ಪರಿಗ್ರಹವಾಗಬಹುದು, ರತ್ನದ ರಾಶಿಯ ನಡುವೆ ಕುಳಿತವನೂ ಅಪರಿಗ್ರಹಿಯಾಗಬಹುದು. ಅಂತರಂಗ ಪರಿಗ್ರಹಗಳು ಹದಿನಾಲ್ಕು: ಮಿಥ್ಯಾತ್ವ ಒಂದು, ಕ್ರೋಧಾದಿ ಕಷಾಯಗಳು ನಾಲ್ಕು, ಹಾಸ್ಯಾದಿ ನೋಕಷಾಯಗಳು ಒಂಬತ್ತು. ಅನಂತದಾರದ ಗಂಟುಗಳೂ ಹದಿನಾಲ್ಕೇ. ಅವು ವೃಷಭನಾಥನಿಂದ ಅನಂತನಾಥನವರೆಗಿನ ಹದಿನಾಲ್ಕು ತೀರ್ಥಂಕರರನ್ನು ಸೂಚಿಸುತ್ತವೆಂಬುದು ರೂಢಿಯ ಮಾತು. ಸಂಖ್ಯೆಯ ಈ ಹೋಲಿಕೆ ಆಕಸ್ಮಿಕವೇ ಇರಬಹುದು. ಆದರೂ ದಾರವನ್ನು ಕಟ್ಟಿಕೊಳ್ಳುವವನು ಒಳಗಿನ ಹದಿನಾಲ್ಕನ್ನು ಒಮ್ಮೆ ನೆನೆದರೆ ನಷ್ಟವೇನಿಲ್ಲ.

ಹಿರಿಯರಿಂದ ಬಂದ ವಸ್ತುವಿನ ಮೇಲಿನ ಮಮತೆಯು ಬೇರೆ ಮಮತೆಗಳಂತಲ್ಲ. ಅದು ಗೌರವದ ವೇಷದಲ್ಲಿ ಬರುತ್ತದೆ. ಹಣದ ಆಸೆಯನ್ನು ಕಂಡು ನಾಚುವವನು ಕುಲದ ಹೆಮ್ಮೆಯನ್ನು ಕಂಡು ನಾಚುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಕುಲಮದವೂ ಒಂದು, ಜಾತಿಮದವೂ ಒಂದು. ತಂದೆಯ ವಂಶದಿಂದ ಬಂದ ಗರ್ವ, ತಾಯಿಯ ವಂಶದಿಂದ ಬಂದ ಗರ್ವ ಎಂದು ಇವೆರಡನ್ನೂ ಅವರು ಸಮ್ಯಗ್ದರ್ಶನಕ್ಕೆ ಮಲಿನತೆಯನ್ನು ತರುವ ದೋಷಗಳೊಳಗೆ ಸೇರಿಸಿದ್ದಾರೆ. 'ನಮ್ಮವರು ಇಂಥ ಊರಿನಿಂದ, ಇಂಥ ಬಿಂಬವನ್ನು ಹೊತ್ತು ಬಂದವರು' ಎಂಬ ವಾಕ್ಯದಲ್ಲಿ ಕೃತಜ್ಞತೆಯೆಷ್ಟು, ಮದವೆಷ್ಟು ಎಂಬುದನ್ನು ಆಡಿದವನೇ ತೂಗಿ ನೋಡಬೇಕು.

ಬಿಂಬವನ್ನು ಬೆನ್ನಿಗೆ ಕಟ್ಟಿಕೊಂಡು ವಲಸೆ ಬಂದವನ ಕಥೆಯು ಕನ್ನಡ ನಾಡಿನ ಜೈನರಿಗೆ ಹೊಸದಲ್ಲ. ಹೊಂಬುಜದ ಜಿನದತ್ತರಾಯನ ವೃತ್ತಾಂತವು ಅಂಥದೇ. ಉತ್ತರ ಮಧುರೆಯ ರಾಜಕುಮಾರನಾದ ಜಿನದತ್ತನಿಗೆ ತಂದೆಯಿಂದಲೇ ಪ್ರಾಣಭಯ ಒದಗಿತು. ಗುರುಗಳಾದ ಸಿದ್ಧಾಂತಕೀರ್ತಿಗಳ ಹಿತವಚನದಂತೆ ಅವನು ಪದ್ಮಾವತೀ ದೇವಿಯ ಬಿಂಬವೊಂದನ್ನು ತೆಗೆದುಕೊಂಡು, ಕುದುರೆಯೇರಿ ದಕ್ಷಿಣಕ್ಕೆ ಹೊರಟನು. ಬೆನ್ನಟ್ಟಿ ಬಂದ ಸೈನ್ಯದಿಂದ ದೇವಿಯು ಅವನನ್ನು ಕಾಪಾಡಿದಳು. ದಣಿದು ಲಕ್ಕಿಯ ಗಿಡದ ಬಳಿ ಮಲಗಿದವನಿಗೆ ಕನಸಿನಲ್ಲಿ ಕಾಣಿಸಿಕೊಂಡು, ಇಲ್ಲಿಯೇ ನೆಲೆಸೆಂದಳು. ಬಿಂಬಕ್ಕೆ ಮುಟ್ಟಿಸಿದ ಕಬ್ಬಿಣವು ಹೊನ್ನಾಯಿತು, ಊರು ಪೊಂಬುಚ್ಚವಾಯಿತು. ಇದು ಸ್ಥಳಪುರಾಣದ ಮಾತು. ಇತಿಹಾಸದ ಮಾತೆಂದರೆ, ಜಿನದತ್ತನನ್ನು ಮೂಲಪುರುಷನೆಂದು ಹೇಳಿಕೊಂಡ ಸಾಂತರರು ಆ ಸೀಮೆಯನ್ನು ಬಹುಕಾಲ ಆಳಿದರು; 1077ರಲ್ಲಿ ಚಟ್ಟಲದೇವಿಯು ಅಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದಳು.

ಪದ್ಮಾವತಿಯು ಪಾರ್ಶ್ವನಾಥ ಸ್ವಾಮಿಯ ಶಾಸನದೇವತೆಯೇ ಹೊರತು ಜಿನೇಶ್ವರನಲ್ಲ. ಆಕೆಗೆ ಸಲ್ಲುವ ಆದರವು ಬೇರೆ, ವೀತರಾಗನಿಗೆ ಸಲ್ಲುವ ಪೂಜೆಯು ಬೇರೆ. ಇಷ್ಟನ್ನು ನೆನಪಿನಲ್ಲಿಟ್ಟು ಕಥೆಯ ಮುಂದಿನ ಭಾಗವನ್ನು ನೋಡಬೇಕು. ಹೇಳುವವರು ಕಬ್ಬಿಣ ಹೊನ್ನಾದುದನ್ನು ಹೇಳಿ ನಿಲ್ಲಿಸುತ್ತಾರೆ. ನಿಜವಾದ ಸೋಜಿಗವಿರುವುದು ಆಮೇಲೆ. ಅದೇ ವಂಶದವರೆಂದು ಹೇಳಿಕೊಂಡವರು ಕಾಲಕ್ರಮದಲ್ಲಿ ಘಟ್ಟದಂಚಿನ ಕಳಸಕ್ಕೂ ಘಟ್ಟದ ಕೆಳಗಿನ ಕಾರ್ಕಳಕ್ಕೂ ಸರಿದರು. 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯನು ಆ ಭೈರರಸರ ವಂಶದವನು. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನೂ ತನ್ನನ್ನು ಜಿನದತ್ತನ ವಂಶದವನೆಂದೇ ಶಾಸನದಲ್ಲಿ ಹೇಳಿಸಿಕೊಂಡನು. ಅರಸರು ಕೆಳಗಿಳಿದು ಬಂದರು, ಆದರೆ ದೇವಿಯು ಹೊಂಬುಜದಲ್ಲಿಯೇ ಉಳಿದಳು. ಬೆನ್ನಿಗೆ ಕಟ್ಟಿ ತಂದ ಬಿಂಬವನ್ನು ವಂಶದವರು ಎರಡನೆಯ ಸಲ ಬೆನ್ನಿಗೆ ಕಟ್ಟಿಕೊಳ್ಳಲಿಲ್ಲ. ಇಂದು ಆ ಅರಸುಮನೆತನದ ಸಿಂಹಾಸನವಿಲ್ಲ. ಹೊಂಬುಜದಲ್ಲಿ ಮಾತ್ರ ನಿತ್ಯಪೂಜೆ ನಡೆದಿದೆ. ಯಾವ ಊರಿನ ಯಾವ ಮನೆಯ ಹೆಣ್ಣುಮಗಳಾದರೂ ಬಂದು ಉಡಿ ತುಂಬಿಸಿಕೊಂಡು ಹೋಗಬಹುದು. ಒಂದು ಮನೆತನದ ವಸ್ತುವು ಆ ಮನೆತನದ ಕೈಬಿಟ್ಟುದರಿಂದಲೇ ಉಳಿದುಕೊಂಡಿತು.

ಇದಕ್ಕಿಂತ ಹಳೆಯ ವಲಸೆಯೊಂದುಂಟು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಕ್ರಿ. ಶ. 600ರ ಸುಮಾರಿನ ಶಾಸನವು ಅದನ್ನು ಹೇಳುತ್ತದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವು ಬರಲಿದೆಯೆಂದು ಭದ್ರಬಾಹು ಸ್ವಾಮಿಗಳು ನಿಮಿತ್ತಜ್ಞಾನದಿಂದ ಅರಿತು ನುಡಿಯಲು, ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತು. ಕಟವಪ್ರದಲ್ಲಿ ಆಚಾರ್ಯರು ಆಯುಸ್ಸು ಸ್ವಲ್ಪವೇ ಉಳಿದಿದೆಯೆಂದು ತಿಳಿದು, ಸಂಘವನ್ನು ಮುಂದಕ್ಕೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ನಿಂತು ಸಮಾಧಿಯನ್ನು ಸಾಧಿಸಿದರು. ಆ ಮುನಿಗಳು ತಮ್ಮೊಡನೆ ತಂದುದೇನು? ಪಿಂಛ, ಕಮಂಡಲು. ಇವಲ್ಲದೆ, ಗುರುಮುಖದಿಂದ ಕೇಳಿ ಮನಸ್ಸಿನಲ್ಲಿ ಧರಿಸಿದ ಶ್ರುತ. ಬಿಂಬವಿಲ್ಲ, ಓಲೆಯ ಕಟ್ಟಿಲ್ಲ. ಕನ್ನಡ ನಾಡಿನ ಜೈನರ ಪರಂಪರೆಯೇ ಬರಿಗೈಯ ವಲಸಿಗರಿಂದ ಬಲಗೊಂಡಿತೆಂಬುದನ್ನು ಹಳೆಯ ವಸ್ತುಗಳ ಬಗೆಗೆ ಮಾತನಾಡುವವರು ಮರೆಯಬಾರದು.

ಪಿಂಛ ಕಮಂಡಲುಗಳನ್ನು ಶಾಸ್ತ್ರವು ಪರಿಗ್ರಹವೆನ್ನದೆ ಉಪಕರಣವೆನ್ನುತ್ತದೆ. ಪಿಂಛವು ಸಂಯಮೋಪಕರಣ, ಕಮಂಡಲುವು ಶೌಚೋಪಕರಣ, ಶಾಸ್ತ್ರವು ಜ್ಞಾನೋಪಕರಣ. ಜೀವರಕ್ಷಣೆಗೆ ಒದಗುವವರೆಗೆ ನವಿಲುಗರಿಯು ಉಪಕರಣ. ಇದು ನನ್ನ ಪಿಂಛ, ಚೆಲುವಾದುದು ಎಂದು ಮನಸ್ಸು ಅಂಟಿದ ಕ್ಷಣದಲ್ಲಿ ಅದೇ ಗರಿಯು ಪರಿಗ್ರಹ. ಮುನಿಗಳಿಗೆ ಹೇಳಿದ ಈ ವಿವೇಕವನ್ನು ಗೃಹಸ್ಥನ ದೇವರ ಕೋಣೆಗೂ ತರಬಹುದು. ಬಿಂಬವು ವ್ರತವನ್ನು ನಡೆಸುತ್ತಿದೆಯೇ, ಬರಿಯ ಮನೆತನದ ಪ್ರತಿಷ್ಠೆಯನ್ನು ನಡೆಸುತ್ತಿದೆಯೇ ಎಂದು ಕೇಳಿದರೆ ಪಟ್ಟಿ ಬರೆಯುವ ಶ್ರಾವಕನಿಗೆ ಉತ್ತರ ದೊರೆಯುತ್ತದೆ.

ಇದನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ವಯನಾಡಿನ ದಿಗಂಬರ ಜೈನರು ಬೇರೆ ಬೇರೆ ಕಾಲಗಳಲ್ಲಿ ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದವರ ಸಂತತಿ. ಇಂದಿನ ಸುಲ್ತಾನ್ ಬತ್ತೇರಿಯು ಹಿಂದೆ ಹನ್ನೆರಡು ಬೀದಿಯೆಂಬ ಕನ್ನಡದ ಹೆಸರಿನಿಂದಲೂ ಕರೆಯಿಸಿಕೊಂಡಿತ್ತು. ಅಲ್ಲಿಯ ಕಲ್ಲಿನ ಬಸದಿಯು ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡುಗಳ ಉಗ್ರಾಣವಾಯಿತು. ಈಗ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿ ನಿಂತಿದೆ, ನಿತ್ಯಪೂಜೆಯಿಲ್ಲ. ಕಲ್ಪೆಟ್ಟದ ಸಮೀಪದ ಪುಳಿಯಾರ್ಮಲದಲ್ಲಿ ಮಾತ್ರ ಅನಂತನಾಥ ಸ್ವಾಮಿಯ ಪೂಜೆ ನಡೆದುಬಂದಿದೆ. ಕೇರಳದ ಜೈನರೆಲ್ಲರನ್ನೂ ಕೂಡಿಸಿದರೆ 2011ರ ಜನಗಣತಿಯಲ್ಲಿ 4,489 ಮಂದಿ. ಅದರಲ್ಲಿ ಇತರ ಪ್ರಾಂತಗಳಿಂದ ವ್ಯಾಪಾರಕ್ಕೆ ಹೋದವರೂ ಸೇರಿದ್ದಾರೆ. ಇಷ್ಟು ಸಣ್ಣ ಸಮೂಹವು ತನ್ನ ಮೂಲವನ್ನು ಬಹುಮಟ್ಟಿಗೆ ಹೆಸರುಗಳಲ್ಲಿ ಉಳಿಸಿಕೊಂಡಿದೆ. ಮಲಯಾಳ ಸಾಹಿತ್ಯದಲ್ಲಿ ಪ್ರಸಿದ್ಧರಾದ ಎಂ. ಪಿ. ವೀರೇಂದ್ರಕುಮಾರರು (1936–2020) ಅಲ್ಲಿಯ ಪದ್ಮಪ್ರಭ ಗೌಡರ ಪುತ್ರರು. ಆರನೆಯ ತೀರ್ಥಂಕರನ ನಾಮ ಒಂದು, ಕನ್ನಡದ 'ಗೌಡ'ನೆಂಬ ಪದ ಒಂದು. ಮಗನು ಬರೆದುದೆಲ್ಲ ಮಲಯಾಳದಲ್ಲಿ.

ಇಂಥ ಸೀಮೆಗೆ ಹೋದ ಮನೆತನವೊಂದನ್ನು ಭಾವಿಸಿಕೊಳ್ಳಬಹುದು. ಎತ್ತಿನ ಮೇಲೆ ಹೇರಿದ ಸಾಮಾನುಗಳೊಡನೆ ಅನಂತನ ನೋಂಪಿಯ ಕಂಚಿನ ಬಿಂಬವೂ ಬಂದಿದೆ. ನಡುವೆ ಕಾಯೋತ್ಸರ್ಗದಲ್ಲಿ ನಿಂತ ಅನಂತನಾಥ. ಪ್ರಭಾವಳಿಯಲ್ಲಿ ವೃಷಭಾದಿ ತೀರ್ಥಂಕರರ ಚಿಕ್ಕ ಮೂರ್ತಿಗಳು. ಪೀಠದ ಹಿಂಬದಿಯಲ್ಲಿ ಎರಡು ಸಾಲು ಹಳೆಯ ಕನ್ನಡ ಲಿಪಿಯಲ್ಲಿ, ಇಂಥವಳು ಅನಂತನ ನೋಂಪಿಯ ಉದ್ಯಾಪನೆಗೆ ಮಾಡಿಸಿದುದು ಎಂದಿದೆ. ಬಂದ ನಾಡಿನಲ್ಲಿ ಬಸದಿಯು ಒಂದು ದಿನದ ದಾರಿ. ಮುನಿಗಳ ವಿಹಾರ ವಿರಳ. ನೆರೆಹೊರೆಯವರ ಮಾತು ಬೇರೆ, ಊಟದ ಹೊತ್ತು ಬೇರೆ, ಹಬ್ಬಗಳ ಲೆಕ್ಕ ಬೇರೆ. ಆದರೆ ಪ್ರತಿಷ್ಠಿತವಾದ ಬಿಂಬವು ಮನೆಯಲ್ಲಿರುವಾಗ ಬೆಳಗಾಗೆದ್ದು ಮಿಂದು ಮಡಿಯುಟ್ಟು ಅಭಿಷೇಕ ಮಾಡದೆ ಗತ್ಯಂತರವಿಲ್ಲ. ಅಭಿಷೇಕಕ್ಕೆ ಸೋಸಿದ ನೀರು ಬೇಕು. ಆದುದರಿಂದ ನೀರು ಸೋಸುವ ಅರಿವೆಯು ಬಾವಿಯ ಬಳಿ ಉಳಿಯಿತು. ಗಂಧೋದಕವನ್ನು ತಳೆದು ಉಣ್ಣುವ ಮನೆಯವರು ಕತ್ತಲಾದ ಮೇಲೆ ಉಣ್ಣುವುದೆಂತು? ಆದುದರಿಂದ ಸೂರ್ಯಾಸ್ತದ ಮೊದಲೇ ಒಲೆಯು ಆರಿತು. ಬಿಂಬವು ಈ ಮನೆಗೆ ಕೊಟ್ಟುದು ಹೆಮ್ಮೆಯನ್ನಲ್ಲ, ಒಂದು ದಿನಚರಿಯನ್ನು.

ಪೀಠದ ಎರಡು ಸಾಲುಗಳ ಹಿಂದಿರುವುದೇನೆಂಬುದನ್ನೂ ಕಾಣಬೇಕು. ಅನಂತನ ನೋಂಪಿಯು ಹದಿನಾಲ್ಕು ವರ್ಷಗಳ ವ್ರತ. ಪ್ರತಿವರ್ಷ ಚತುರ್ದಶಿಯಂದು ಉಪವಾಸ. ಶಕ್ತಿಯಿದ್ದವರಿಗೆ ಏಕಾದಶಿಯಿಂದಲೇ ನಿಯಮ. ಪೂಜೆ, ಕಥಾಶ್ರವಣ, ಜಾಗರಣೆ, ಮರುದಿನ ಸತ್ಪಾತ್ರರಿಗೆ ಆಹಾರದಾನ ಮಾಡಿ ಪಾರಣೆ. ಹದಿನಾಲ್ಕು ಭಾದ್ರಪದಗಳು ಕಳೆಯುವಷ್ಟರಲ್ಲಿ ನೋಂತವಳು ಹೆತ್ತಿರುತ್ತಾಳೆ, ಮಕ್ಕಳನ್ನು ಕಳೆದುಕೊಂಡಿರುತ್ತಾಳೆ, ಸೊಸೆಯಾಗಿದ್ದವಳು ಅತ್ತೆಯಾಗಿರುತ್ತಾಳೆ. ಆ ಬಳಿಕ ಉದ್ಯಾಪನೆ. ಅದರ ಅಂಗವಾಗಿ ಬಿಂಬ. ಕಂಚುಗಾರನು ಎರಕ ಹೊಯ್ದುದು ನಾಲ್ಕು ದಿನದಲ್ಲಿ. ಬಿಂಬವನ್ನು ನಿಜವಾಗಿ ಮಾಡಿದುದು ಹದಿನಾಲ್ಕು ವರ್ಷಗಳ ಹಸಿವು. ಮನೆತನದ ವೃತ್ತಾಂತವನ್ನು ಹೇಳುವವರು ಗಂಡಸರ ಹೆಸರನ್ನು ಹೇಳುತ್ತಾರೆ: ಇಂಥ ಗೌಡರು ಬಂದರು, ಕಾಡು ಕಡಿದರು, ಗದ್ದೆ ಮಾಡಿದರು. ಪೀಠವು ಹೇಳುವುದು ಒಬ್ಬ ಹೆಂಗಸಿನ ಉಪವಾಸವನ್ನು. ವಂಶಾವಳಿಯ ಹಾಳೆಯಲ್ಲಿ ಅವಳ ಹೆಸರಿಗೆ ಎಡೆಯಿರುವುದು ಅಪರೂಪ.

ಈಗ ಕಠಿಣವಾದ ಮಾತು. ಆ ಮುತ್ತಜ್ಜಿಯ ಹದಿನಾಲ್ಕು ವರ್ಷಗಳ ಉಪವಾಸದಲ್ಲಿ ಅವಳ ಮರಿಮಗನಿಗೆ ಪಾಲೆಷ್ಟು? ಜಿನಾಗಮದ ಉತ್ತರವು ನಿಷ್ಠುರವಾಗಿದೆ: ಏನೂ ಇಲ್ಲ. ಜೀವನು ತಾನು ಮಾಡಿದ ಕರ್ಮವನ್ನು ತಾನೇ ಉಣ್ಣಬೇಕು. ಒಬ್ಬರ ನಿರ್ಜರೆಯನ್ನು ಮತ್ತೊಬ್ಬರ ಲೆಕ್ಕಕ್ಕೆ ಬರೆಯಲಾಗದು. ಏಕತ್ವಾನುಪ್ರೇಕ್ಷೆಯನ್ನು ಭಾವಿಸುವವನಿಗೆ ತಾಯಿಯೂ ಮಗನೂ ಕೂಡ ಕರ್ಮದ ವಿಷಯದಲ್ಲಿ ಬೇರೆ ಬೇರೆ ದಾರಿಯ ಪಥಿಕರು. ಹಿರಿಯರ ಹೊಲವು ಮಕ್ಕಳಿಗೆ ಬರುತ್ತದೆ, ಹಿರಿಯರ ಸಾಲವೂ ಬರುತ್ತದೆ. ಹಿರಿಯರ ತಪಸ್ಸು ಬರುವುದಿಲ್ಲ. ಹಾಗಾದರೆ ಬಿಂಬದ ಮೂಲಕ ತಲೆಮಾರಿನಿಂದ ತಲೆಮಾರಿಗೆ ಸಾಗುವುದೇನು? ಪುಣ್ಯವಲ್ಲ, ರಕ್ತವೂ ಅಲ್ಲ. ನಿಮಿತ್ತವು ಸಾಗುತ್ತದೆ. ಉಪಾದಾನವು ಅವರವರ ಆತ್ಮವೇ ಆದರೂ, ಕಣ್ಣೆದುರಿಗೆ ನಿಮಿತ್ತವೊಂದು ಇದ್ದಾಗ ಸಂಸಾರದ ಗೊಂದಲದಲ್ಲಿರುವ ಮನಸ್ಸಿಗೆ ದಾರಿ ಸುಲಭವಾಗುತ್ತದೆ. ಹೀಗೊಬ್ಬಳು ನೋಂತಿದ್ದಳು, ಅದು ಈ ಮನೆಯಲ್ಲಿಯೇ ಸಾಧ್ಯವಾಗಿತ್ತು ಎಂಬುದಕ್ಕೆ ಬಿಂಬವು ಸಾಕ್ಷಿ. ಸಾಕ್ಷಿಯನ್ನು ಕಂಡು ನೋಂಪಿಯನ್ನು ಕೈಕೊಂಡವನಿಗೆ ಅದು ಫಲಿಸಿತು. ಸಾಕ್ಷಿಯನ್ನು ತೋರಿಸಿ ಗೌರವವನ್ನು ಮಾತ್ರ ಬೇಡಿದವನಿಗೆ ಅದು ಕಂಚು.

ಕಾಲವು ಈ ವಿಚಾರವನ್ನು ಗ್ರಂಥದ ಪುಟದಿಂದ ಕಿತ್ತು ನಡುಮನೆಗೆ ತಂದಿದೆ. ತಂದೆ ತೀರಿಕೊಂಡ ಮೇಲೆ ಮೂವರು ಮಕ್ಕಳು ಪಾಲಾಗುತ್ತಾರೆ. ಒಬ್ಬನು ಊರಿನಲ್ಲಿ, ಒಬ್ಬನು ಬೆಂಗಳೂರಿನಲ್ಲಿ, ಒಬ್ಬನು ಅಮೆರಿಕೆಯಲ್ಲಿ. ಗದ್ದೆ ತೋಟಗಳನ್ನು ಸರ್ವೆಯವರು ಅಳೆದು ಕೊಟ್ಟಾರು, ಬಂಗಾರವನ್ನು ತಕ್ಕಡಿ ಹಂಚೀತು. ಬಿಂಬವನ್ನು ಹಂಚುವುದೆಂತು? ವರ್ಷಕ್ಕೊಬ್ಬರಂತೆ ಸರದಿ ಎನ್ನುತ್ತಾರೆ, ಹಿರಿಯನಿಗೆ ಸಲ್ಲಬೇಕೆನ್ನುತ್ತಾರೆ, ಮಾತು ಬೆಳೆದು ವಕೀಲರವರೆಗೆ ಹೋಗುವುದೂ ಉಂಟು. ವಿಚಿತ್ರವೆಂದರೆ, ಪ್ರತಿದಿನ ಅಭಿಷೇಕ ಮಾಡುವೆನೆಂದು ಮುಂದೆ ಬರುವವರು ಇಂಥ ಜಗಳದಲ್ಲಿ ವಿರಳ. ಹಕ್ಕಿಗಾಗಿ ಮೂವರು, ಹೊಣೆಗೆ ಒಬ್ಬರೂ ಇಲ್ಲ. ಕಡೆಗೆ ಕಳ್ಳಕಾಕರ ಭಯದಿಂದಲೂ ಒಪ್ಪಂದಕ್ಕೆ ಬರಲಾರದ ಹಟದಿಂದಲೂ ಬಿಂಬವು ಬ್ಯಾಂಕಿನ ಲಾಕರನ್ನು ಸೇರುತ್ತದೆ. ಕಳ್ಳರ ಭಯವು ಸುಳ್ಳಲ್ಲ. 2013ರಲ್ಲಿ ಮೂಡಬಿದಿರೆಯ ಗುರುಬಸದಿಯಲ್ಲಿಯೇ ಅಮೂಲ್ಯ ಬಿಂಬಗಳ ಕಳವು ನಡೆಯಿತು. ಆದರೂ ಪ್ರತಿಷ್ಠೆಗೊಂಡ ಬಿಂಬವನ್ನು ಅಭಿಷೇಕವಿಲ್ಲದ ಉಕ್ಕಿನ ಪೆಟ್ಟಿಗೆಯಲ್ಲಿ, ಅಡವಿನ ಒಡವೆಗಳ ನೆರೆಯಲ್ಲಿ ಇಡುವುದಕ್ಕಿಂತ ಅನುಚಿತವಾದುದು ಬೇರಿಲ್ಲ. ಕಳುವಾದರೆ ಕಳ್ಳನಿಗೆ ಪಾಪ. ಲಾಕರಿನಲ್ಲಿಟ್ಟರೆ ಮನೆಯವರು ತಾವಾಗಿಯೇ ಉಪಕರಣವನ್ನು ಪರಿಗ್ರಹವನ್ನಾಗಿ ಮಾಡಿದಂತೆ. ಅಂಥವರು ಪರಿಮಾಣದ ಪಟ್ಟಿಯಲ್ಲಿ ಅದನ್ನು ಕುಪ್ಯದ ಸಾಲಿನಲ್ಲಿ ಬರೆದುಕೊಳ್ಳುವುದೇ ಪ್ರಾಮಾಣಿಕತೆ.

ಅಮೆರಿಕೆಯ ಮಗನು ತಾನೇ ಒಯ್ಯುವೆನೆಂದರೆ ಸರಕಾರವು ಬಿಡದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯು 1976ರ ಏಪ್ರಿಲಿನಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಮೀರಿದ ಮೂರ್ತಿಯನ್ನು, ಎಪ್ಪತ್ತೈದು ವರ್ಷಕ್ಕೆ ಮೀರಿದ ಮಹತ್ತ್ವದ ಹಸ್ತಪ್ರತಿಯನ್ನು ಖಾಸಗಿ ವ್ಯಕ್ತಿಯು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಹಿಂದಿನ ವಲಸಿಗನು ಎತ್ತಿನ ಮೇಲೆ ಹೇರಿ ಯಾರನ್ನೂ ಕೇಳದೆ ತಂದುದನ್ನು ಇಂದಿನ ವಲಸಿಗನು ವಿಮಾನದಲ್ಲಿ ಒಯ್ಯಲಾರ. ಇದರಿಂದ ಮನನೊಂದವರುಂಟು: ಹೊರನಾಡಿನಲ್ಲಿ ಹುಟ್ಟಿದ ಮಕ್ಕಳಿಗೆ ತಮ್ಮ ಮೂಲವನ್ನು ತೋರಿಸಲು ಕೈಯಲ್ಲಿ ಏನೂ ಉಳಿಯಲಿಲ್ಲವೆಂದು ಅವರು ಕೊರಗುತ್ತಾರೆ. ಕೊರಗು ನಿಜವಾದುದು, ಅದನ್ನು ಮೋಹವೆಂದು ಜರೆದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ. ಪರಸ್ಥಳದಲ್ಲಿ ಬೆಳೆಯುವ ಮಗುವಿಗೆ ಕಣ್ಣಿಗೆ ಕಾಣುವ ಆಸರೆಯೊಂದು ಬೇಕು.

ಆದರೆ ನೋಂಪಿಯ ವಿಧಿಯಲ್ಲಿಯೇ ಇದಕ್ಕೆ ಉತ್ತರವಿದೆ. ಅದನ್ನು ಕಥೆಯ ಕೊನೆಯಲ್ಲಿ ಓದಿಯೂ ಹೆಚ್ಚಿನವರು ಗಮನಿಸುವುದಿಲ್ಲ. ಉದ್ಯಾಪನೆಯಲ್ಲಿ ಬಿಂಬವನ್ನು ಮಾಡಿಸಬೇಕು, ಶಾಸ್ತ್ರಗಳನ್ನು ಬರೆಯಿಸಿ ಕೊಡಬೇಕು, ಚತುಃಸಂಘಕ್ಕೆ ದಾನ ಮಾಡಬೇಕು ಎಂದೆಲ್ಲ ಹೇಳಿದ ಬಳಿಕ, ಅಷ್ಟು ದ್ರವ್ಯಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿಯಾಗಿ ಆಚರಿಸಬೇಕೆಂದು ವಿಧಿಸಿದ್ದಾರೆ. ಹದಿನಾಲ್ಕು ವರ್ಷಗಳ ಮೇಲೆ ಮತ್ತೆ ಹದಿನಾಲ್ಕು. ಬಡವಿಯ ಎರಡನೆಯ ಹದಿನಾಲ್ಕು ವರ್ಷಗಳ ಉಪವಾಸವು ಸಿರಿವಂತೆಯ ಕಂಚಿನ ಬಿಂಬಕ್ಕೆ ಸಮನೆಂಬುದು ಪೂರ್ವಾಚಾರ್ಯರ ಎಣಿಕೆ. ಬಡವರಿಗಾಗಿ ಮಾಡಿದ ಈ ಅನುಕೂಲವು ವಲಸಿಗರಿಗೂ ಸಲ್ಲುತ್ತದೆ. ಬಿಂಬವನ್ನು ಒಯ್ಯಲಾಗದವನು ನೋಂಪಿಯನ್ನು ಒಯ್ಯಬಹುದು. ಅದಕ್ಕೆ ಸುಂಕವಿಲ್ಲ, ತಡೆಯಿಲ್ಲ. ಕಟವಪ್ರಕ್ಕೆ ಬಂದ ಸಂಘದವರು ತಂದುದೂ ಇಂಥದೇ. ತಾಯಿಯು ವರ್ಷಕ್ಕೊಮ್ಮೆ ಹಸಿದಿರುವುದನ್ನು ಕಂಡು ಬೆಳೆದ ಮಗುವಿಗೆ, ಗಾಜಿನ ಕಪಾಟಿನಲ್ಲಿ ಮೂರ್ತಿಯನ್ನು ಕಂಡು ಬೆಳೆದ ಮಗುವಿಗಿಂತ ತನ್ನ ಮೂಲವು ಹೆಚ್ಚು ತಿಳಿದೀತು.

ವಸ್ತುವನ್ನು ಬಿಟ್ಟುಕೊಟ್ಟರೆ ಹಿರಿಯರ ಹೆಸರು 'ಅಳಿದುಹೋದೀತು' ಎಂಬ ಅಂಜಿಕೆಗೂ ಇತಿಹಾಸದಲ್ಲಿ ಸಮಾಧಾನವಿದೆ. ಅತ್ತಿಮಬ್ಬೆಯು ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ತನ್ನ ಮನೆಯಲ್ಲಿ ಕೂಡಿಟ್ಟುಕೊಂಡಿದ್ದರೆ ಅವಳನ್ನು ದಾನಚಿಂತಾಮಣಿಯೆಂದು ಯಾರು ಕರೆಯುತ್ತಿದ್ದರು? ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಗಂಗರ ಮನೆತನದ ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗೆಂದು ಧವಲ ಟೀಕೆಯನ್ನು ತಾಳೆಯೋಲೆಯಲ್ಲಿ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಶಾಂತಿಸೇನನೆಂಬ ಅರಸನ ಮಡದಿ ಮಲ್ಲಿಕಬ್ಬೆಯು ಶ್ರೀಪಂಚಮಿಯ ನೋಂಪಿಯ ಬಳಿಕ ಮಹಾಬಂಧದ ಪ್ರತಿಯನ್ನು ಮಾಘಣಂದಿ ಆಚಾರ್ಯರಿಗೆ ಕೊಟ್ಟಳು. ಈ ಓಲೆಗಳು ಮುಂದೆ ಮೂಡಬಿದಿರೆಯನ್ನು ಸೇರಿದವು. ಶತಮಾನಗಳ ಕಾಲ ಅಲ್ಲಿ ಅವು ದರ್ಶನದ ವಸ್ತುಗಳಾಗಿದ್ದವು. ಓದುವುದಕ್ಕಿಂತ ಕಾಣಿಕೆಯಿಟ್ಟು ನೋಡುವುದೇ ಹೆಚ್ಚಾಗಿತ್ತು. ಪ್ರತಿಯೆತ್ತಿಸುವ ಕೆಲಸವು 19ನೆಯ ಶತಮಾನದ ಕೊನೆಯಲ್ಲಿ ಮೊದಲಾಗಿ, ಕಡೆಗೆ 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವು ಅಚ್ಚಾಯಿತು. 1958ರ ಹೊತ್ತಿಗೆ ಹದಿನಾರು ಸಂಪುಟಗಳು ಮುಗಿದವು. ಕಾಪಾಡಿದವರಿಗೆ ಕೃತಜ್ಞತೆ ಸಲ್ಲಬೇಕು. ಅಷ್ಟು ಕಾಲ ಬಚ್ಚಿಟ್ಟುದಕ್ಕೂ ಅವರೇ ಹೊಣೆ. ದೇಮಿಯಕ್ಕ, ಮಲ್ಲಿಕಬ್ಬೆಯರ ವಂಶದವರು ಇಂದು ಎಲ್ಲಿರುವರೋ ತಿಳಿಯದು. ಅವರ ಹೆಸರುಗಳು ಓಲೆಯ ಕೊನೆಯಲ್ಲಿ ಉಳಿದಿವೆ, ಏಕೆಂದರೆ ಅವರು ಕೊಟ್ಟುಬಿಟ್ಟರು.

ಶ್ರವಣಬೆಳಗೊಳದ ಮಠದಲ್ಲಿರುವ ಕೆಲವು ಕಂಚಿನ ಬಿಂಬಗಳ ಪೀಠದಲ್ಲಿ ಗ್ರಂಥ ಮತ್ತು ತಮಿಳು ಲಿಪಿಯ ಬರಹಗಳುಂಟು. 19ನೆಯ ಶತಮಾನದಲ್ಲಿ ತಂಜಾವೂರು, ಕುಂಭಕೋಣದ ಕಡೆಯ ಶ್ರಾವಕರು ಅವನ್ನು ಅರ್ಪಿಸಿದರು. ಕನ್ನಡ ಬಲ್ಲ ಯಾತ್ರಿಕನಿಗೆ ಆ ಅಕ್ಷರಗಳು ತಿಳಿಯವು. ಅವನು ಕೈಮುಗಿದು ಮುಂದೆ ಹೋಗುತ್ತಾನೆ. ವಯನಾಡಿನ ಮನೆಯಲ್ಲಿ ಮಲಯಾಳ ಕಲಿತ ಮೊಮ್ಮಗಳಿಗೆ ಕನ್ನಡದ ಎರಡು ಸಾಲುಗಳೂ ಹಾಗೆಯೇ. ವೀತರಾಗನ ನಿಲುವನ್ನು ಓದಲು ಯಾವ ಲಿಪಿಯೂ ಬೇಡ. ಆದರೆ ನೋಂತವಳು ಯಾರೆಂದು ತಿಳಿಯಲು ಲಿಪಿ ಬೇಕು. ಅದನ್ನು ತಿಳಿಸುವ ಹೊಣೆಯು, ಬಲ್ಲವರು ಬದುಕಿರುವಾಗಲೇ ತೀರಬೇಕು.

ಆದುದರಿಂದ ನಿತ್ಯಾಭಿಷೇಕವನ್ನು ನಡೆಸಲು ಮನೆಯಲ್ಲಿ ಒಬ್ಬರಾದರೂ ಮುಂದೆ ಬಂದರೆ ಬಿಂಬವು ಅವರ ಬಳಿ ಇರಲಿ. ಆ ಒಬ್ಬರು ಮಗಳಾದರೆ ಮಗಳ ಮನೆಗೇ ಹೋಗಲಿ. ತುಳುನಾಡಿನ ಅಳಿಯಸಂತಾನದ ಮನೆಗಳವರಿಗೆ ಇದು ಹೊಸ ಮಾತೇನೂ ಆಗದು. ಯಾರೂ ಇಲ್ಲದಿದ್ದರೆ, ಪೂಜೆ ನಡೆಯುವ ಹತ್ತಿರದ ಬಸದಿಗೆ ಎಲ್ಲ ಪಾಲುದಾರರೂ ಕೂಡಿ ಒಪ್ಪಿಸಬೇಕು, ಬರವಣಿಗೆಯಲ್ಲಿ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಇದು ನಮ್ಮ ಬಿಂಬ, ಮೊದಲ ಅಭಿಷೇಕ ನಮ್ಮದೇ ಎಂದು ಸರದಿ ಕೇಳಬಾರದು. ಹೊರೆ ಇಳಿಯಿತೆಂದು ಕೈ ತೊಳೆದುಕೊಂಡು ಮರಳುವುದೂ ತರವಲ್ಲ. ಒಪ್ಪಿಸುವ ದಿನ ಪೀಠದ ಬರಹವನ್ನು ಗಟ್ಟಿಯಾಗಿ ಓದಿಸಿ, ಮಕ್ಕಳಿಗೆ ಬರುವ ಲಿಪಿಯಲ್ಲಿ, ಅದು ಮಲಯಾಳವೇ ಆಗಲಿ ಇಂಗ್ಲಿಷೇ ಆಗಲಿ, ಬರೆಸಿಕೊಳ್ಳಬೇಕು. ನೋಂಪಿಯ ಕಥೆಯ ಒಂದೊಂದು ಪ್ರತಿಯನ್ನು ಮೂರು ಮನೆಗಳಿಗೂ ಕೊಡಬೇಕು. ಮೂವರಲ್ಲಿ ಒಬ್ಬರಾದರೂ ಆ ವರ್ಷದ ಭಾದ್ರಪದದಲ್ಲಿ ನೋಂಪಿಯನ್ನು ಹಿಡಿದರೆ ಒಪ್ಪಿಸಿದ ಕಾರ್ಯವು ಪೂರ್ಣವಾಯಿತು. ಹಿಡಿಯುವವರು ಹೊರನಾಡಿನಲ್ಲಿದ್ದರೆ ಪಂಚಾಂಗವನ್ನು ನೋಡಿ ಅಲ್ಲಿಯ ಸೂರ್ಯೋದಯಕ್ಕೆ ಚತುರ್ದಶಿಯ ತಿಥಿಯನ್ನು ಗೊತ್ತುಮಾಡಿಕೊಳ್ಳಬೇಕು. ಊರಿನಲ್ಲಿರುವವರಿಗೆ ದೂರವಾಣಿ ಮಾಡಿ ಕೇಳಿದರೆ ಒಂದು ದಿನ ಹಿಂದುಮುಂದಾದೀತು.